ಹೊಸ ಟ್ಯಾಂಕ್ ಸೈಕಲ್ ಆಗ್ತಾ ಇಲ್ಲ, ನಿಮ್ಮನೇಲಿ ಹೇಗಾಯ್ತು ಹೇಳಿ

ಶಿರಸಿ ಅಮ್ಮ:
ನಮಸ್ಕಾರ ಎಲ್ಲರಿಗೂ. ಮಗಳಿಗೆ ಅಂತ ಎರಡು ಅಡಿ ಮೀನಿನ ಟ್ಯಾಂಕ್ ಇಟ್ಟು ಇವತ್ತಿಗೆ 24 ದಿನ ಆಯ್ತು. ಬಾವಿ ನೀರು, ಸ್ಪಂಜ್ ಫಿಲ್ಟರ್, ಮೀನು ಇನ್ನೂ ಬಿಟ್ಟಿಲ್ಲ, ದಿನಾ ಒಂದು ಚಿಟಿಕೆ ಮೀನಿನ ತಿಂಡಿ ಹಾಕ್ತಾ ಇದ್ದೇನೆ. ತಿಂಡಿ ಕೊಳೆತು ಹುಟ್ಟೋ ಅಮೋನಿಯಾನ ಬ್ಯಾಕ್ಟೀರಿಯಾ ತಿಂದು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ಬೇಕು, ಅದೇ ಸೈಕಲ್ ಅಂತೆ. ಆದ್ರೆ ಅಮೋನಿಯಾ 4 ಪಿಪಿಎಂಗೆ (ಲೀಟರಿಗೆ 4 ಮಿಲಿಗ್ರಾಂ) ಬಂದು ಅಲ್ಲೇ ಕೂತಿದೆ, ಇಳಿಯೋದೇ ಇಲ್ಲ. ನೈಟ್ರೈಟ್ ಪರೀಕ್ಷೆ ದಿನಾ ಅದೇ ತಿಳಿನೀಲಿ, ಅಂದ್ರೆ ಸೊನ್ನೆ. ಚೌತಿಗೆ ಮೀನು ಬರತ್ತೆ ಅಂತ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ಮಳೆಗೆ ಕರೆಂಟ್ ಬೇರೆ ದಿನಕ್ಕೆ ನಾಲ್ಕು ಸಲ ಹೋಗತ್ತೆ. ನಿಮ್ಮಲ್ಲಿ ಎಷ್ಟು ದಿನ ಹಿಡೀತು, ಎಂತ ಮಾಡಿದ್ರಿ?

ಕೋಡಿಬಾಗದವ:
ಅಕ್ಕಾ, ಯಾರಾದ್ರೂ ಅಡುಗೆ ಸೋಡಾ ಹಾಕಿ ಅಂದ್ರೆ ದಯವಿಟ್ಟು ಕೇಳಬೇಡಿ, ಅದಕ್ಕೇ ಮೊದಲು ಬರೀತಾ ಇದ್ದೇನೆ. ಎರಡು ವರ್ಷದ ಹಿಂದೆ ಮೂರು ಅಡಿ ಟ್ಯಾಂಕ್ ಮಾಡಿಸಿದೆ, 150 ಲೀಟರ್. ಗಾಜಿಗೆ 6200, ಸ್ಟ್ಯಾಂಡಿಗೆ 4500, ಫಿಲ್ಟರ್ 3800, ಲೈಟ್ 1800, ಆಮೇಲೆ ಆರು ಏಂಜಲ್ ಮೀನಿಗೆ 900. ಒಟ್ಟು 17,200, ಇವತ್ತಿಗೂ ಚೀಟಿ ಇಟ್ಟುಕೊಂಡಿದ್ದೇನೆ. ಸೈಕಲ್ ಅಂತ ಒಂದು ಇರತ್ತೆ ಅಂತ ಅಂಗಡಿಯವರು ಹೇಳಲೇ ಇಲ್ಲ, ಮೂರನೇ ದಿನಕ್ಕೇ ಮೀನು ಬಿಟ್ಟೆ. ಅಮೋನಿಯಾ 4 ಇತ್ತು, ಆದ್ರೂ ಮೀನು ಆರಾಮಾಗಿ ತಿಂದ್ಕೊಂಡು ಓಡಾಡ್ತಿತ್ತು, ನಾನೂ ಎಲ್ಲಾ ಸರಿ ಇದೆ ಅಂದ್ಕೊಂಡೆ. ಆಗ ಒಬ್ಬರು ನಿಮ್ಮ ಪಿಎಚ್ (ಕಡಿಮೆ ಇದ್ದಷ್ಟೂ ನೀರು ಹುಳಿ) 6 ಇದೆ, ತೀರಾ ಕಡಿಮೆ, ಸೋಡಾ ಹಾಕಿ ಏರಿಸಿ ಅಂದ್ರು. ರಾತ್ರಿ ಎಂಟಕ್ಕೆ ದೊಡ್ಡ ಚಮಚದಲ್ಲಿ ಎರಡು ಚಮಚ ಕರಗಿಸಿ ಹೊಯ್ದೆ. ಹತ್ತು ಗಂಟೆಗೆ ನೋಡ್ತೇನೆ, ಆರೂ ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿವೆ, ಕಿವಿರು ಕೆಂಪಗೆ ಎದ್ದು ನಿಂತಿವೆ. ಬೆಳಿಗ್ಗೆ ಐದು ಹೋಗಿದ್ವು.

ಆಮೇಲೆ ಓದಿದಾಗ ಗೊತ್ತಾಯ್ತು. ಪಿಎಚ್ ಕಡಿಮೆ ಇದ್ದಾಗ ಅಮೋನಿಯಾ ಹೆಚ್ಚಿನಂಶ ಅಮೋನಿಯಂ ಆಗಿರತ್ತೆ, ಅದು ಅಷ್ಟು ವಿಷ ಅಲ್ಲ. ಪಿಎಚ್ ಒಂದು ಏರಿದ್ರೆ ವಿಷದ ಪಾಲು ಹತ್ತು ಪಟ್ಟು ಆಗತ್ತೆ. 6ರಿಂದ 8ಕ್ಕೆ ಒಂದೇ ರಾತ್ರಿ ಏರಿಸಿದ್ರೆ ಹತ್ತಿರ ಹತ್ತಿರ ನೂರು ಪಟ್ಟು. ಟೆಸ್ಟ್ ಎರಡನ್ನೂ ಸೇರಿಸಿ ಎಣಿಸೋದು, ಅದಕ್ಕೇ ಅದೇ 4 ತೋರಿಸ್ತಾ ಇತ್ತು. ನಾನೇ ನನ್ನ ಕೈಯಾರೆ ಹಾಕಿದ್ದು, ಮರೆಯೋಕಾಗಲ್ಲ.

ತದಡಿ ಅಕ್ಕ:
ನಾ 22 ವರ್ಷದಿಂದ ಮೀನು ಸಾಕ್ತೆ, ಟೆಸ್ಟ್ ಕಿಟ್ ಕಣ್ಣಲ್ಲಿ ಕಂಡದ್ದಿಲ್ಲ. ನಮ್ಮತ್ತೆ ಕಾಲದ ಸಿಮೆಂಟ್ ತೊಟ್ಟಿಯಲ್ಲಿ ಶುರು ಮಾಡಿದ್ದು. ಹೊಸ ಟ್ಯಾಂಕಿಗೆ ಎರಡು ಶೆಟ್ಲಿ (ಸಿಗಡಿ) ತೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ಬಿಟ್ಬಿಡೂದು, ಕೊಳೆತು ಬಿಳಿ ಲೋಳೆ ಬಿಡ್ತದೆ, ನಾತ ಬತ್ತದೆ, ತಡ್ಕಳ್ಳೂದು. ತಿಂಗಳು ದಾಟಿದ ಮೇಲೆ ನೀರು ಕನ್ನಡಿ ಹಾಂಗೆ ಆಗಿ ಕಲ್ಲಿನ ಮೇಲೆ ಕಂದು ಪಾಚಿ ಕೂತ್ರೆ ಆಯ್ತು. ತಳಕ್ಕೆ ಒಂದು ಮುಷ್ಟಿ ಬಳಚಿನ ಚಿಪ್ಪಿ ಯಾವಾಗ್ಲೂ ಇರ್ತದೆ. ಅಘನಾಶಿನಿ ಹೊಳೆ ದಂಡೆಲಿದ್ದು ಚಿಪ್ಪಿಗೆ ಬರವೇ? ಈಗಿನವರು ದುಡ್ಡು ಕೊಟ್ಟು ಬ್ಯಾಕ್ಟೀರಿಯಾ ಬಾಟಲಿ ತರ್ತ್ರು, ನೋಡಿದ್ರೆ ಹೊಟ್ಟೆ ಉರೀತದೆ.

ಶಿರಸಿ ಅಮ್ಮ:
ಅಕ್ಕಾ, ನಮ್ಮದು ಭಟ್ಟರ ಮನೆ, ಶೆಟ್ಲಿ ತಂದ್ರೆ ಅತ್ತೆ ಟ್ಯಾಂಕನ್ನೇ ಅಂಗಳಕ್ಕೆ ಇಡಿಸ್ತಾರೆ.

ಸಿದ್ದಾಪುರ ಮಾಣಿ:
ಶೆಟ್ಲಿ ಬೇಡ, ನವಸಾಗರ ತನ್ನಿ. ಪಾತ್ರೆಗೆ ಕಲಾಯಿ ಹಾಕೋರು ಬಳಸ್ತಾರಲ್ಲ ಅದೇ, ಅಮೋನಿಯಂ ಕ್ಲೋರೈಡ್. ನಮ್ಮಪ್ಪನ ಹತ್ರ ತಾಮ್ರದ ಹಂಡೆ ಕಲಾಯಿ ಮಾಡಿಸಿದ ವರ್ಷದ್ದು ಒಂದು ಗಡ್ಡೆ ಉಳಿದಿತ್ತು. ಎರಡಡಿ ಟ್ಯಾಂಕಲ್ಲಿ ಕಲ್ಲು ಕಳೆದು 45 ಲೀಟರ್ ನೀರು ಹಿಡಿಯತ್ತೆ ಅಂದ್ರೆ, 2 ಪಿಪಿಎಂ ಬರೋಕೆ 0.3 ಗ್ರಾಮೂ ಬೇಡ. ಚಿನ್ನದಂಗಡಿಯಲ್ಲಿ ತೂಗಿಸಿಕೊಂಡು ಬಂದೆ. ಅದರ ಜೊತೆ ಬಾಟಲಿ ಬ್ಯಾಕ್ಟೀರಿಯಾ ಹಾಕಿದೆ, ಒಂಬತ್ತನೇ ದಿನಕ್ಕೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಬಾಟಲಿ ಸುಳ್ಳು ಅನ್ನೋರು ಒಂದ್ಸಲ ಸರಿಯಾಗಿ ಮಾಡಿ ನೋಡಿ.

ಅಂಕೋಲೆಯವ:
ಒಂಬತ್ತು ದಿನ! ಮಾರಾಯಾ, ನಾನು ಮೂರು ಬಾಟಲಿ ತಂದವ, ಒಂದಕ್ಕೆ 650, ಅಲ್ಲಿಗೆ 1950. ಮೂರೂ ಚರಂಡಿಗೆ ಹೋಯ್ತು. ಅಂಗಡಿಯಲ್ಲಿ ಬಿಸಿಲು ಬೀಳೋ ಶೋಕೇಸಲ್ಲಿ ಸಾಲಾಗಿ ಇಟ್ಟಿದ್ರು, ಒಳಗಿದ್ದದ್ದು ಬದುಕಿದ್ರೆ ತಾನೇ. ಇನ್ನೊಂದು ಮಾತು, ಲೇಬಲ್ ಮೇಲೆ ನೈಟ್ರೋಬ್ಯಾಕ್ಟರ್ ಅಂತ ಇತ್ತು. ನಮ್ಮ ಸಿಹಿನೀರಿನ ಟ್ಯಾಂಕಲ್ಲಿ ನೈಟ್ರೈಟ್ ತಿನ್ನೋದು ನೈಟ್ರೋಸ್ಪೈರಾ ಅಂತ 1998ರಲ್ಲೇ ಸಂಶೋಧನೆ ಮಾಡಿ ತೋರಿಸಿದ್ದಾರೆ. ಬೇರೆ ಯಾವುದೋ ಸೂಕ್ಷ್ಮಜೀವಿ ಮಾರಿ ಇನ್ನೂ ದುಡ್ಡು ಮಾಡ್ತಿದ್ದಾರೆ. ಈ ಜೀವಗಳು ಒಂದು ಎರಡಾಗೋಕೇ ಹೆಚ್ಚುಕಡಿಮೆ ಒಂದು ದಿನ ಬೇಕು, ಬಾಕಿ ಬ್ಯಾಕ್ಟೀರಿಯಾ ಥರ ಅರ್ಧ ಗಂಟೆಗೆ ಮರಿ ಹಾಕೋದಲ್ಲ. ನಂಗೆ 41 ದಿನ ಹಿಡೀತು. ದಿನಾ ಬರೆದಿಟ್ಟಿದ್ದೇನೆ, 17ನೇ ದಿನ ನೈಟ್ರೈಟ್ ನೇರಳೆ ಬಂತು, 40ರ ತನಕ ಅದೇ ನೇರಳೆ, ಆಮೇಲೆ ಒಂದು ರಾತ್ರೀಲಿ ನೀಲಿಗೆ ಇಳೀತು.

ಸಿದ್ದಾಪುರ ಮಾಣಿ:
ನಿಮ್ಮ ಅಂಗಡಿ ಬಿಸಿಲಲ್ಲಿಟ್ಟರೆ ಅದು ಬಾಟಲಿ ತಪ್ಪಾ? ನಾನು ಫ್ರಿಜ್ಜಲ್ಲಿಟ್ಟಿದ್ದನ್ನ ತಾರೀಖು ನೋಡಿ ತಂದವ. ನಿಮಗೆ 41 ದಿನ ಆಯ್ತು ಅಂತ ಊರಿಗೆಲ್ಲ 41 ದಿನ ಆಗ್ಬೇಕು ಅಂತಿಲ್ಲ.

ಕೋಡಿಬಾಗದವ:
ಕಲಾಯಿ ನವಸಾಗರದಲ್ಲಿ ಬೇರೆ ಎಂತೆಲ್ಲಾ ಬೆರೆತಿರತ್ತೋ ಯಾರಿಗೆ ಗೊತ್ತು. ಮಕ್ಕಳ ಮನೆಗೆ ಇದನ್ನ ಹೇಳಬೇಡಿ ಮಾರಾಯ್ರೆ.

ಸಿದ್ದಾಪುರ ಮಾಣಿ:
ಆ ಕಲಾಯಿ ಪಾತ್ರೆಯಲ್ಲೇ ನಮ್ಮ ಅಜ್ಜಿ ಅರವತ್ತು ವರ್ಷ ಅಡುಗೆ ಮಾಡಿದ್ದು.

ಕೋಡಿಬಾಗದವ:
ಕಲಾಯಿ ಮೇಲೆ ಉಳಿಯೋದು ತವರ, ನವಸಾಗರ ಹೊಗೆಯಾಗಿ ಹೋಗತ್ತೆ. ಎರಡೂ ಒಂದೇ ಅಂತ ಹೇಳೋದು ಸರಿಯಲ್ಲ.

ಹುಲೇಕಲ್ ರಸ್ತೆ:
ಎಲ್ಲರೂ ಬಾಟಲಿ ಹಿಡ್ಕೊಂಡು ಜಗಳಾಡ್ತಿದ್ದೀರಿ, ಅವರು ಕರೆಂಟ್ ಬಗ್ಗೆ ಬರೆದಿದ್ದು ಯಾರಿಗೂ ಕಾಣಲಿಲ್ವಾ. ನಾನೂ ಶಿರಸಿಯವನೇ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಇಡೋ ಮುಚ್ಚಿದ ಡಬ್ಬಿ) 11,500 ಕೊಟ್ಟು ತರಿಸಿದ್ದೆ. ಹೋದ ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದು 31 ಗಂಟೆ ಕರೆಂಟ್ ಇಲ್ಲ. ಮುಚ್ಚಿದ ಡಬ್ಬಿ ಒಳಗೆ ನೀರು ನಿಂತು, ಗಾಳಿ ಆಡದೆ ಇದ್ದ ಬ್ಯಾಕ್ಟೀರಿಯಾ ಎಲ್ಲ ಸತ್ತು ಕೊಳೆತಿತ್ತು. ಬೆಳಗಿನ ಜಾವ ಕರೆಂಟ್ ಬಂತು, ಫಿಲ್ಟರ್ ತಾನೇ ಶುರುವಾಗಿ ಆ ಹೊಲಸನ್ನೆಲ್ಲ ಟ್ಯಾಂಕಿಗೆ ತಳ್ಳಿತು. ಕೊಳೆತ ಮೊಟ್ಟೆ ವಾಸನೆಗೇ ನಂಗೆ ಎಚ್ಚರ ಆಗಿದ್ದು. ಹದಿನಾಲ್ಕು ಟೆಟ್ರಾ ಮೀನು ಹೋದ್ವು, ಒಂದು ವರ್ಷದಿಂದ ಸಾಕಿದ್ದು. ಆಮೇಲೆ ಅದನ್ನ ಅಟ್ಟಕ್ಕೆ ಹಾಕಿದೆ. ಈಗ 250 ರೂಪಾಯಿಯ ಎರಡು ಸ್ಪಂಜ್, ಕರೆಂಟ್ ಹೋದ್ರೆ ತಾನೇ ಶುರುವಾಗೋ ಬ್ಯಾಟರಿ ಏರ್ ಪಂಪ್ 900. ಸ್ಪಂಜ್ ಟ್ಯಾಂಕಿನ ನೀರಲ್ಲೇ ಇರತ್ತೆ, ಅಷ್ಟು ಬೇಗ ಉಸಿರು ಕಟ್ಟಲ್ಲ. ಘಟ್ಟದ ಮೇಲೆ ಕ್ಯಾನಿಸ್ಟರ್ ಇಡಬೇಡಿ, ಅಷ್ಟೇ ನಾನು ಹೇಳೋದು.

ಅಂಕೋಲೆಯವ:
ಕ್ಯಾನಿಸ್ಟರ್ ತಪ್ಪಲ್ಲ. ಎರಡು ಗಂಟೆ ಮೇಲೆ ಕರೆಂಟ್ ಹೋದ್ರೆ ಬಿಚ್ಚಿ ಒಳಗಿನ ನೀರು ಚೆಲ್ಲಿ, ಮೀಡಿಯಾ (ಬ್ಯಾಕ್ಟೀರಿಯಾ ಕೂತಿರೋ ಸ್ಪಂಜ್, ಕಲ್ಲು) ತೆಗೆದು ಟ್ಯಾಂಕಿಗೇ ಹಾಕ್ಬೇಕು. ಇನ್ವರ್ಟರ್ ಇಟ್ಕೊಳ್ಳೋಕೆ ಆಗದವರು 11,500ರ ಫಿಲ್ಟರ್ ತಗೊಂಡದ್ದು ಎಂತಕ್ಕೆ?

ಹುಲೇಕಲ್ ರಸ್ತೆ:
ಇನ್ವರ್ಟರ್ ಇತ್ತು ಸ್ವಾಮಿ. 31 ಗಂಟೆ ಎಳೆಯೋ ಇನ್ವರ್ಟರ್ ನಿಮ್ಮನೇಲಿ ಇದ್ರೆ ಫೋಟೋ ಹಾಕಿ. ಬೇರೆಯವರ ಮೀನು ಸತ್ತಾಗ ಹೀಗೆ ಮಾತಾಡಬಾರದು.

ತದಡಿ ಅಕ್ಕ:
ಹಳೇ ಟ್ಯಾಂಕಿನ ಸ್ಪಂಜ್ ಹಿಂಡಿದ ನೀರು ಒಂದು ಚೊಂಬು ಹಾಕಿದ್ರೆ ಇಷ್ಟೆಲ್ಲ ರಗಳೆ ಇಲ್ಲ. ಶಿರಸಿಯಲ್ಲಿ ಯಾರತ್ರ ಹಳೇ ಟ್ಯಾಂಕ್ ಉಂಟೋ ಕೇಳು ತಂಗಿ. ಆ ಕಂದು ಗಸಿಯೇ ಹೆಪ್ಪು, ಹಾಲಿಗೆ ಮಜ್ಜಿಗೆ ಹಾಕಿದ ಹಾಂಗೆ.

ಅಂಕೋಲೆಯವ:
ಅದೇ ಚೊಂಬಲ್ಲಿ ರೋಗವೂ ಬರತ್ತೆ. ನಾನು ಹಳ್ಳದಿಂದ ಹಿಡಿದು ತಂದ ನಾಲ್ಕು ಮೀನಿಂದ ಬಿಳಿ ಚುಕ್ಕೆ ರೋಗ ಬಂದು ಇಡೀ ಟ್ಯಾಂಕ್ ಖಾಲಿ ಆಯ್ತು. ಹೀಟರಿಗೆ 700, ಔಷಧಿಗೆ 420.

ಹುಲೇಕಲ್ ರಸ್ತೆ:
ಹಳ್ಳದ ಮೀನು ಯಾಕೆ ಹಿಡಿದ್ರಿ? ಕೇರಳದ ಹೊಳೆಗಳಿಂದ ಕೆಂಪು ಗೆರೆಯ ಬಾರ್ಬ್ ಮೀನು ಹಿಡಿದು ಹಿಡಿದು ಹೊರದೇಶಕ್ಕೆ ಕಳಿಸಿ, ಈಗ ಅದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟಿಯಲ್ಲಿ ಅಳಿವಿನಂಚಿನಲ್ಲಿದೆ. ನಮ್ಮ ಹಳ್ಳಗಳನ್ನೂ ಹಾಗೇ ಮಾಡಬೇಕಾ?

ಅಂಕೋಲೆಯವ:
ನಾಲ್ಕು ಮೀನಿಗೆ ಹಳ್ಳ ಖಾಲಿ ಆಗಲ್ಲ. ಚಿಕ್ಕಂದಿನಿಂದ ಆ ಹಳ್ಳದಲ್ಲೇ ಈಜಿದವ ನಾನು, ನಂಗೆ ಹೇಳಿಕೊಡಬೇಡಿ.

ಹುಲೇಕಲ್ ರಸ್ತೆ:
ಎಲ್ಲರೂ ನಾಲ್ಕು ನಾಲ್ಕೇ ತರೋದು.

ಶಿರಸಿ ಅಮ್ಮ:
ಇವತ್ತು ಪಿಎಚ್ ನೋಡಿದೆ. ಹನಿ ಹಾಕಿ ಅಲ್ಲಾಡಿಸಿದ್ರೆ ನೀರು ಪೂರ್ತಿ ನಿಂಬೆಹಣ್ಣಿನ ಹಳದಿ, 6 ಅಥವಾ ಅದಕ್ಕೂ ಕೆಳಗೆ. ನೀರು ಹಾಕಿದ ದಿನ 6.8 ಇತ್ತು.

ಕೋಡಿಬಾಗದವ:
ಅಲ್ಲೇ ಇರೋದು ಅಕ್ಕಾ. 6ರ ಕೆಳಗೆ ಹೋದ್ರೆ ಆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿಬಿಡತ್ತೆ. ಕೆಂಪುಕಲ್ಲಿನ ನೆಲದ ಬಾವಿ ನೀರಲ್ಲಿ ಕೆಎಚ್ (ಪಿಎಚ್ ಇಳಿಯದ ಹಾಗೆ ಹಿಡಿಯೋ ಕಾರ್ಬೊನೇಟ್) ಹೆಚ್ಚುಕಡಿಮೆ ಇರೋದೇ ಇಲ್ಲ, ಅಮೋನಿಯಾ ತಿನ್ನುವಾಗ ಹುಟ್ಟೋ ಆಮ್ಲ ತಡೆಯೋಕೆ ಎಂತದೂ ಇಲ್ಲ. ತಿಂಡಿ ಹಾಕೋದು ನಿಲ್ಲಿಸಿ, ಅರ್ಧ ನೀರು ಬದಲಿಸಿ, ಚಿಪ್ಪಿ ಹಾಕಿ. ಚಿಪ್ಪಿ ನಿಧಾನಕ್ಕೆ ಕರಗಿ ಪಿಎಚ್ ಏರಿಸತ್ತೆ. ಹೇಗೂ ಮೀನಿಲ್ಲ, ಪಿಎಚ್ ಏರಿದ್ರೆ ನನ್ನಲ್ಲಿ ಆದ ಹಾಗೆ ಮೀನು ಸಾಯೋ ಭಯ ನಿಮಗಿಲ್ಲ. ಚೌತಿ ಲೆಕ್ಕ ಮಾತ್ರ ಬಿಟ್ಟುಬಿಡಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರೋ ತನಕ ಮಗಳಿಗೆ ದಿನಾ ಟೆಸ್ಟ್ ಟ್ಯೂಬ್ ಅಲ್ಲಾಡಿಸೋಕೆ ಕೊಡಿ.

ತದಡಿ ಅಕ್ಕ:
ಮೊದಲ ದಿನವೇ ನಾ ಚಿಪ್ಪಿ ಹೇಳಿದ್ದೆ, ಯಾರೂ ಕೇಳಲಿಲ್ಲ. ತಂಗಿ, ಭಾನುವಾರ ನನ್ನ ಮಗ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬತ್ತ, ಒಂದು ಪೊಟ್ಟಣ ಕಳಿಸ್ತೆ. ಕುದಿಸಿ, ಒಳಗಿನ ಮಾಂಸದ ಚೂರು ಎಲ್ಲ ತೆಗೆದು, ಬಿಸಿಲಲ್ಲಿ ಒಣಗಿಸಿಟ್ಟದ್ದು. ನಿಮ್ಮತ್ತೆಗೆ ಸುಣ್ಣ ಮಾಡೂ ಚಿಪ್ಪಿ ಅಂತ ಹೇಳು, ಸುಳ್ಳಲ್ಲ ಅದು.

ಸಿದ್ದಾಪುರ ಮಾಣಿ:
ಸ್ಪಂಜ್ ಹಿಂಡಿದ ನೀರು ನಾನು ಕೊಡ್ತೇನೆ, ಬಾಟಲಿಯಿಂದ ಶುರು ಮಾಡಿದ ಟ್ಯಾಂಕಿಂದು. ಅಂಕೋಲೆಯವರು ಬೇಕಾದ್ರೆ ಬಂದು ಟೆಸ್ಟ್ ಮಾಡಿಕೊಂಡು ಹೋಗಲಿ.

ಅಂಕೋಲೆಯವ:
ಬರ್ತೆ. ಕಿಟ್ ನಂದೇ ತರ್ತೆ.