11 ತಿಂಗಳ ಕಾರಿಗೆ ಹೊಸ ಕ್ಲಚ್, ದುಡ್ಡು ಪೂರ್ತಿ ನಾನೇ ಕೊಡಬೇಕಂತೆ

ಪ್ರಶ್ನೆ:
ಕಾರು ತೆಗೆದುಕೊಂಡು 11 ತಿಂಗಳಾಯಿತು. ಓಡಿರುವುದು ಬರೀ 9,400 ಕಿಲೋಮೀಟರ್. ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಎರಡು ವಾರದಿಂದ ಏರು ಹತ್ತುವಾಗ ಎಂಜಿನ್ ಸದ್ದು ಜಾಸ್ತಿಯಾಗುತ್ತದೆ, ಕಾರು ಮಾತ್ರ ಎಳೆಯುವುದಿಲ್ಲ. ಸುಟ್ಟ ವಾಸನೆಯೂ ಬಂತು. ಸರ್ವಿಸ್ ಸೆಂಟರ್‌ನವರು ಒಂದು ಸುತ್ತು ಓಡಿಸಿ, "ಕ್ಲಚ್ ಹೋಗಿದೆ, ಅದು ಸವೆಯುವ ಭಾಗ, ವಾರಂಟಿ ಸಿಗುವುದಿಲ್ಲ" ಎಂದುಬಿಟ್ಟರು. ಗೇರ್‌ಬಾಕ್ಸ್ ಇಳಿಸುವ ಕೂಲಿಯೂ ಸೇರಿದ ಎಸ್ಟಿಮೇಟ್ ನೋಡಿ ಕೈಕಾಲೇ ಆಡಲಿಲ್ಲ. ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ. ಹಳೆಯ ಕಾರಿನಲ್ಲಿ 80,000 ದಾಟಿದರೂ ಕ್ಲಚ್ ಬದಲಿಸಿರಲಿಲ್ಲ. "ನೀವು ಓಡಿಸುವ ರೀತಿ ಸರಿಯಿಲ್ಲ" ಅಂದಾಗ ತುಂಬಾ ಬೇಜಾರಾಯಿತು. ಸಹಿ ಹಾಕಿಬಿಡಲಾ?

ಉತ್ತರ:
ಈಗಲೇ ಬೇಡ. ಕ್ಲಚ್ ಸವೆಯುವ ಭಾಗ ಅನ್ನುವುದು ನಿಜ. ಬ್ರೇಕ್ ಪ್ಯಾಡ್, ವೈಪರ್ ಹಾಗೆ ಅದನ್ನೂ ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುತ್ತಾರೆ. ಆದರೆ ಇಷ್ಟು ಬೇಗ ಯಾಕೆ ಹೋಯಿತು ಅನ್ನುವುದಕ್ಕೆ ಅದು ಉತ್ತರ ಅಲ್ಲ. ಬಿಚ್ಚದೆ ಅವರಿಗೆ ಹೇಗೆ ಗೊತ್ತಾಯಿತು?

ಓಡಿಸಿ ನೋಡಿದರೆ ಕ್ಲಚ್ ಜಾರುತ್ತಿದೆ ಅಂತ ಮಾತ್ರ ತಿಳಿಯುತ್ತದೆ. ಕಾರಣ ತಿಳಿಯಲು ಗೇರ್‌ಬಾಕ್ಸ್ ಇಳಿಸಬೇಕು. ನೀವು ಅಲ್ಲೇ ನಿಂತಿರಿ. ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜುವ ಪದರ) ಅದನ್ನು ಹಿಡಿದಿರುವ ರಿವೆಟ್ ತನಕ ಸಮನಾಗಿ ಸವೆದು, ಫ್ಲೈವೀಲ್ (ಪ್ಲೇಟು ಒತ್ತಿಕೊಳ್ಳುವ ಎಂಜಿನ್ ಚಕ್ರ) ಮೇಲೆ ನೀಲಿ ಕಲೆಗಳಿದ್ದರೆ ಅದು ಬಿಸಿಯ ಗುರುತು; ಓಡಿಸಿದ ರೀತಿಯಿಂದಲೇ ಹೋಯಿತು ಅನ್ನುತ್ತಾರೆ. ಆಗ ವಾದಿಸುವುದು ಕಷ್ಟ. ಲೈನಿಂಗ್ ಇನ್ನೂ ದಪ್ಪಗಿದ್ದು ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಕಥೆಯೇ ಬೇರೆ. ಎಂಜಿನ್ ಹಿಂದಿನ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಅಥವಾ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ಸೋರುತ್ತಿದೆ ಅಂತ ಅರ್ಥ. ಸೀಲ್ ಸವೆಯುವ ಭಾಗ ಅಂತ ಹೇಳಿದರೆ ಒಪ್ಪಬೇಡಿ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಸಡಿಲವಾಗಿದ್ದರೂ ಕ್ಲಚ್ ಜಾರುತ್ತದೆ. ಪೆಡಲ್ ಬಿಟ್ಟ ಮೇಲೂ ಹೈಡ್ರಾಲಿಕ್ ಒತ್ತಡ ಪೂರ್ತಿ ಇಳಿಯದಿದ್ದರೆ, ಯಾವಾಗಲೂ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿದಂತೆ. ಅದನ್ನೂ ನೋಡಲು ಹೇಳಿ.

ಬಿಚ್ಚುವ ಮೊದಲು ಒಂದು ಮಾತು ಬರೆಸಿಕೊಳ್ಳಿ: ದೋಷ ಸಿಕ್ಕರೆ ಕೂಲಿ ಯಾರದ್ದು ಅಂತ. ಹಳೆಯ ಭಾಗಗಳು ನಿಮಗೆ ಬೇಕು ಅಂತಲೂ ಹೇಳಿ. ವಾರಂಟಿ ಇಲ್ಲ ಅನ್ನುವುದಾದರೆ ಕಾರಣ ಲಿಖಿತವಾಗಿ ಕೊಡಲಿ.

ಇನ್ನೊಬ್ಬರ ಉತ್ತರ:
ನನ್ನ ಕಾರಿನಲ್ಲಿ ಬಿಚ್ಚಿ ನೋಡಿದಾಗ ನಿಜಕ್ಕೂ ಸವೆದೇ ಹೋಗಿತ್ತು. ಮನೆಯಲ್ಲಿ ಹೊಸದಾಗಿ ಕಲಿಯುವವರು ಓಡಿಸುತ್ತಿದ್ದರು. ದುಡ್ಡು ಕೊಟ್ಟೆ. ಆ ಸಾಧ್ಯತೆಗೂ ತಯಾರಾಗಿರಿ.

ಪ್ರಶ್ನೆ ಕೇಳಿದವರು:
ನಿಜ ಹೇಳುತ್ತೇನೆ, ಏರಿನ ಸಿಗ್ನಲ್‌ಗಳಲ್ಲಿ ನಾನೂ ಅರ್ಧ ಕ್ಲಚ್‌ನಲ್ಲೇ ಕಾರು ನಿಲ್ಲಿಸುತ್ತೇನೆ. ಇದನ್ನು ಅವರಿಗೆ ಹೇಳಬೇಕಾ?

ಉತ್ತರ:
ಕೇಳಿದರೆ ಇದ್ದದ್ದನ್ನೇ ಹೇಳಿ. ಆ ಅಭ್ಯಾಸ ಲೈನಿಂಗನ್ನು ಸುಡುತ್ತದೆ, ಆದರೆ ಪ್ಲೇಟಿಗೆ ಎಣ್ಣೆ ತರುವುದಿಲ್ಲ ಅಲ್ವಾ? ಬಿಚ್ಚಿದಾಗ ಗೊತ್ತಾಗುತ್ತದೆ. ಏರಿನಲ್ಲಿ ಇನ್ನು ಹ್ಯಾಂಡ್‌ಬ್ರೇಕ್ ಬಳಸಿ.

ಪ್ರಶ್ನೆ ಕೇಳಿದವರು:
ಇವತ್ತು ನನ್ನ ಎದುರೇ ಇಳಿಸಿದರು. ಪ್ಲೇಟು ಕಪ್ಪಗೆ ಒದ್ದೆ. ಕ್ಲಚ್ ಸುತ್ತಲಿನ ಕವಚದ (ಬೆಲ್ ಹೌಸಿಂಗ್) ತಳದಲ್ಲೂ ಎಣ್ಣೆ. ಗೇರ್ ಎಣ್ಣೆಯ ಆ ಗಂಧಕದ ನಾತ ಇರಲಿಲ್ಲ, ಎಂಜಿನ್ ಎಣ್ಣೆಯೇ. ರಿವೆಟ್ ಮೇಲೆ ಲೈನಿಂಗ್ ಇನ್ನೂ ಚೆನ್ನಾಗಿ ಉಳಿದಿದೆ. ಫೋಟೋ ತೆಗೆದೆ. ಮ್ಯಾನೇಜರ್ ಬಂದು ನೋಡಿದರು, ಸ್ವಲ್ಪ ಹೊತ್ತು ಸುಮ್ನೆ ನಿಂತರು. ಸಂಜೆ ಫೋನ್ ಬಂತು: ಸೀಲ್, ಪ್ಲೇಟ್, ಕೂಲಿ ವಾರಂಟಿಯಲ್ಲಿ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮಾತ್ರ ನನ್ನ ಖರ್ಚು. ಹಳೆಯದನ್ನೇ ಉಳಿಸಿಕೊಳ್ಳಲಾ?

ಉತ್ತರ:
ಬೇಡ, ಬದಲಿಸಿ. ಮುಂದೆ ಅದೊಂದು ಹೋದರೂ ಮತ್ತೆ ಪೂರ್ತಿ ಗೇರ್‌ಬಾಕ್ಸ್ ಇಳಿಸಬೇಕು. ಅದರಲ್ಲೂ ಎಣ್ಣೆ ಕಂಡರೆ ಅದನ್ನೂ ವಾರಂಟಿಗೆ ಸೇರಿಸಲು ಕೇಳಿ. ಹೊಸ ಪ್ಲೇಟ್ ಹಾಕುವ ಮೊದಲು ಫ್ಲೈವೀಲ್ ಮೇಲಿನ ಎಣ್ಣೆಯನ್ನು ಪೂರ್ತಿ ತೊಳೆದಿದ್ದಾರಾ ಅಂತ ನೀವೇ ನೋಡಿ.