ಐದು ಹ್ಯಾಟೆಗೆ ಮೂರು ಹುಂಜ: ಸಾಕಿದವರು ಅನುಭವ ಹೇಳಿ

ನಿಟ್ಟುವಳ್ಳಿ, ದಾವಣಗೆರೆ
ಹಿತ್ತಲಲ್ಲಿ ಸಾಕೋಣ ಅಂತ ಕೋಳಿ ಮರಿ ತಂದಿದ್ದೆ, ಎರಡು ಗಿರಿರಾಜ ತಳಿ, ಉಳಿದವು ಜವಾರಿ. ಬೆಳೆದ ಮೇಲೆ ನೋಡಿದರೆ ಐದು ಹ್ಯಾಟೆ, ಮೂರು ಹುಂಜ. ದಿನಾ ಕಾಳಗ. ಒಂದು ಹ್ಯಾಟೆಯ ಬೆನ್ನಿನ ಪುಕ್ಕ ಪೂರ್ತಿ ಹೋಗಿದೆ. ಮಕ್ಕಳು ಮೂರಕ್ಕೂ ಹೆಸರಿಟ್ಟಿದ್ದಾರೆ, ಕೊಯ್ಯೋಕೆ ಬಿಡಲ್ಲ. ಒಟ್ಟಿಗೆ ಇಟ್ಟು ಸಾಕಿದವರು ಯಾರಾದರೂ ಇದ್ದೀರಾ?

ಜಗಳೂರು
ಒಂದೇ ಇಟ್ಟುಕೊಳ್ಳಿ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಧಾರಾಳ ಸಾಕು. ನಮ್ಮಲ್ಲಿ ಎರಡಿದ್ದವು. ದೊಡ್ಡದು ಸಣ್ಣದರ ಕಣ್ಣನ್ನೇ ಕುಕ್ಕಿ ತೆಗೆಯಿತು. ಡಾಕ್ಟರು ಮನೆಗೆ ಬಂದಿದ್ದಕ್ಕೆ 300, ಇಂಜೆಕ್ಷನ್, ಮುಲಾಮು ಸೇರಿ 180. ಸಂತೆಯಲ್ಲಿ 350ಕ್ಕೂ ಹೋಗದ ಕೋಳಿಗೆ 480 ಸುರಿದೆ, ಕಣ್ಣು ಬರಲಿಲ್ಲ. ಎಲ್ಲರೂ ಒಕ್ಕಣ್ಣನ್ನ ಮಾರು ಅಂದರು. ನಾನು ಮಾರಿಹಬ್ಬದವರೆಗೆ ಕಾದು ದೊಡ್ಡದನ್ನೇ ಮಾರಿದೆ. ಕೆಂಪು ಹುಂಜ ನೋಡಿ, 1100 ಬಂತು. ಒಕ್ಕಣ್ಣ ಇವತ್ತಿಗೂ ಇದ್ದಾನೆ. ಹದ್ದು ಸುಳಿದರೆ ಮೊದಲು ಕೂಗೋದು ಅವನೇ.

ಹಿರಿಯೂರು
ಜಗಳೂರಣ್ಣ, ಮಕ್ಕಳು ಹೆಸರಿಟ್ಟಿದ್ದಾರೆ ಅಂತ ಅವರು ಬರೆದಿದ್ದನ್ನ ಓದಿದಿರಾ? ಹಬ್ಬಕ್ಕೆ ಮಾರು ಅನ್ನೋದೂ ಒಂದು ಸಲಹೆನಾ?

ನಾನು ಮೂರು ಹುಂಜಕ್ಕೂ ಬೇರೆ ಶೆಡ್ ಮಾಡಿದ್ದೇನೆ. ಒಟ್ಟಿಗೆ ಬೆಳೆದ ಹುಂಜಗಳು ಹ್ಯಾಟೆ ಕಣ್ಣಿಗೆ ಬೀಳದಿದ್ದರೆ ಅಷ್ಟಾಗಿ ಹೊಡೆದಾಡಲ್ಲ. ಆದರೆ ಒಂದನ್ನ ಹೊರಗೆ ತೆಗೆದು ಕೆಲವು ದಿನ ಬಿಟ್ಟು ವಾಪಸ್ ಹಾಕಿದರೆ ಮುಗಿಯಿತು, ಹೊಸಬ ಬಂದ ಅಂತ ಮೊದಲಿಂದ ಜಗಳ ಶುರು. ಖರ್ಚು ಕೇಳಿ. ಜಾಲರಿ 2400, ತಗಡು ನಾಲ್ಕು 2600, ಕಲ್ಲುಕಂಬ ಆರು 2100, ಕೂಲಿ 800. ಅಲ್ಲಿಗೆ 7900. ನಮ್ಮ ಕಡೆ ಗುಡ್ಡದ ಮೇಲೆ ಅಷ್ಟೊಂದು ಗಾಳಿ ಫ್ಯಾನು ಸುಮ್ನೆ ನೆಟ್ಟಿಲ್ಲ, ಆಷಾಢದಲ್ಲಿ ಒಂದು ತಗಡು ಹಾರಿ ಪಕ್ಕದ ಮನೆಯ ನಲ್ಲಿ ಮುರಿಯಿತು. ಅದಕ್ಕೆ 450. ಈಗ ಮೊಟ್ಟೆ ಇಡದ ಮೂರು ಜೀವಕ್ಕೆ ದಿನಕ್ಕೆ ಮುನ್ನೂರು ಗ್ರಾಂ ಮೇಲೆ ತೀನಿ ಬೇಕು. ಆದರೂ ಮೂರೂ ಬದುಕಿವೆ, ಕಣ್ಣೂ ನೆಟ್ಟಗಿವೆ.

ಹೊಳಲ್ಕೆರೆ
ಹುಂಜ ಯಾಕೆ ಬೇಕು ಸಾರ್? ಹುಂಜ ಇಲ್ಲದಿದ್ದರೂ ಮೊಟ್ಟೆ ಬರುತ್ತದೆ, ಮರಿ ಬರಲ್ಲ ಅಷ್ಟೇ. ನಮ್ಮದು ಬೆಳಗಿನ ಜಾವ ನಾಲ್ಕಕ್ಕೇ ಕೂಗೋದು, ಎರಡನೆಯದು ಅದಕ್ಕೆ ಉತ್ತರ ಕೊಡೋದು. ಪಕ್ಕದ ಮನೆಯ ಯಜಮಾನರು ಪಂಚಾಯ್ತಿಗೆ ಅರ್ಜಿ ಕೊಟ್ಟರು. ಅವರ ಮನೆ ಬೋರಿನ ಮೋಟರು ರಾತ್ರಿಯೆಲ್ಲ ಗುಂಯ್ ಅಂತಿತ್ತು, ಅದಕ್ಕೆ ನಾನು ಅರ್ಜಿ ಕೊಟ್ಟಿದ್ದೆನಾ? ಎರಡನ್ನೂ ಕೊಟ್ಟುಬಿಟ್ಟೆ. ಅವರು ಈಗಲೂ ಮಾತಾಡಿಸಲ್ಲ. ತಮಾಷೆ ಅಂದರೆ, ಹುಂಜ ಕೊಟ್ಟು ವಾರ ಆದಮೇಲೆ ಇಟ್ಟ ಮೊಟ್ಟೆಗಳನ್ನ ಕಾವಿಗೆ ಕೂರಿಸಿದೆ, ಮರಿ ಆದವು!

ಭರಮಸಾಗರ
ಹುಂಜ ಇಲ್ಲದೆ ಮರಿ? ಬಿಡಿ ಸಾರ್. ಪಕ್ಕದ ಮನೆ ಹುಂಜ ಗೋಡೆ ಹಾರಿರುತ್ತದೆ.

ನಿಟ್ಟುವಳ್ಳಿಯವರೇ, ಅಸಲಿ ತೊಂದರೆ ಗಿರಿರಾಜ. ಆ ತಳಿ ಹೆಬ್ಬಾಳದ ಪಶುವೈದ್ಯ ಕಾಲೇಜಿನದು, ಒಳ್ಳೆಯದೇ, ನಾನು ಬೈತಿಲ್ಲ. ಆದರೆ ಮೂರೂವರೆ ನಾಲ್ಕು ಕಿಲೋ ಹುಂಜ ಒಂದೂವರೆ ಕಿಲೋ ಜವಾರಿ ಹ್ಯಾಟೆ ಮೇಲೆ ಹತ್ತಿದರೆ ಬೆನ್ನು ಉಳಿಯುತ್ತದಾ? ನನ್ನ ಹ್ಯಾಟೆಗೆ ಕಾಲಿನ ಮುಳ್ಳು ಚುಚ್ಚಿ ಪಕ್ಕೆ ಹರಿದು ಹುಳ ಬಿತ್ತು. ಬೇವಿನ ಎಣ್ಣೆ, ಅರಿಶಿನ ಹಚ್ಚಿದೆ. ಉಳಿಯಲಿಲ್ಲ. ಆಮೇಲೆ ಜವಾರಿ ಹುಂಜವನ್ನೇ ಸಂತೆಯಿಂದ ತಂದು ಅವತ್ತೇ ಗೂಡಿಗೆ ಬಿಟ್ಟೆವು, ಅದರ ಜೊತೆ ಕೊಕ್ಕರೆ ರೋಗ ಬಂತು. ಹಸಿರು ಭೇದಿ, ಕತ್ತು ತಿರುಚೋದು. ಹನ್ನೊಂದು ಕೋಳಿ ಹೋದವು. ಮಾರಿದವನು ಲಸಿಕೆ ಆಗಿದೆ ಅಂತ ಆಣೆ ಮಾಡಿದ್ದ.

ಜಗಳೂರು
ಹಿರಿಯೂರಕ್ಕ, 7900 ಖರ್ಚು ಮಾಡಿ ಮೊಟ್ಟೆ ಇಡದ ಹುಂಜ ಸಾಕೋಕೆ ಎಲ್ಲರೂ ಸಾಹುಕಾರರಲ್ಲ. ಇವರಿಗಿರೋದು ಹಿತ್ತಲು, ತೋಟ ಅಲ್ಲ.

ಹಿರಿಯೂರು
ಸಾಹುಕಾರರು ಅಂದಿದ್ದು ಯಾರಿಗೆ? ಕಲ್ಲುಕಂಬ ಸಾಲ ತಂದು ಹಾಕಿದ್ದೇನೆ ರೀ. ದೇವಸ್ಥಾನದ ಹತ್ತಿರ ಬಲಿ ಕೊಡಬಾರದು ಅಂತ 1959ರಿಂದ ಕಾಯ್ದೆಯೇ ಇದೆ, ಗೊತ್ತಿರಲಿ.

ಜಗಳೂರು
ನಾನು ಮಾರಿದ್ದು ಮನೆಗೆ. ಅವರು ಸಾರು ಮಾಡಿದರೋ ಸಾಕಿದರೋ ನಾನೇನು ಹಿಂದೆ ಹೋಗಿ ನೋಡಿದೆನಾ?

ಹೊಳಲ್ಕೆರೆ
ಭರಮಸಾಗರದವರೇ, ಗೋಡೆ ಹಾರೋಕೆ ನಮ್ಮ ಬೀದಿಯಲ್ಲಿ ಬೇರೆ ಹುಂಜವೇ ಇಲ್ಲ. ಒಮ್ಮೆ ಹುಂಜ ಸೇರಿದ ಮೇಲೆ ಹ್ಯಾಟೆಯ ಹೊಟ್ಟೆಯೊಳಗೆ ಬೀಜ ಒಂದು ಎರಡು ವಾರ ಬದುಕಿರುತ್ತದೆ. ಯಾವ ಪಶುವೈದ್ಯರನ್ನ ಬೇಕಾದರೂ ಕೇಳಿ. ಹನ್ನೊಂದು ಕೋಳಿ ಹೋದವು ಅಂತೀರಿ, ಸಂತೆ ಕೋಳಿಯನ್ನ ಬೇರೆ ಕಟ್ಟಿಹಾಕಿ ಎರಡು ವಾರ ನೋಡಬೇಕಲ್ವಾ?

ಭರಮಸಾಗರ
ಎರಡು ವಾರ ಕಟ್ಟಿಹಾಕೋಕೆ ಜಾಗ ನಿಮ್ಮ ತಾತ ಕೊಡ್ತಾರಾ?

ನಿಟ್ಟುವಳ್ಳಿ
ದಯವಿಟ್ಟು ತಾತನವರೆಗೆ ಹೋಗಬೇಡಿ. ಗಿರಿರಾಜ ಹುಂಜವನ್ನ ಆನಗೋಡಿನ ಮಾವನ ತೋಟಕ್ಕೆ ಕಳಿಸ್ತೇನೆ, ಅಲ್ಲಿ ಹ್ಯಾಟೆ ಜಾಸ್ತಿ ಇವೆ. ಉಳಿದ ಎರಡಕ್ಕೆ ನಡುವೆ ಜಾಲರಿ ಹಾಕಿದರೆ ಸಾಕಾ, ಪೂರ್ತಿ ಮರೆ ಬೇಕಾ?

ಹಿರಿಯೂರು
ಮರೆ ಬೇಕು. ಜಾಲರಿ ಮಾತ್ರ ಇದ್ದರೆ ಅದರ ತೂತಿನಲ್ಲೇ ಕುಕ್ಕಾಡಿ ಜುಟ್ಟು ರಕ್ತ ಮಾಡಿಕೊಳ್ತವೆ. ಗೊಬ್ಬರದ ಚೀಲ ಕಟ್ಟಿ, ದುಡ್ಡು ಬೇಡ. ಜಗಳೂರಣ್ಣನಿಗೂ ಖುಷಿ ಆಗಲಿ.

ಜಗಳೂರು
ಗಾಳಿಗೆ ತಗಡೇ ನಿಲ್ಲದ ಊರಿನವರು ಚೀಲ ಕಟ್ಟು ಅಂತಾರೆ!