.177 ಏರ್ ರೈಫಲ್: ಮೂರು ಥರ ಪೆಲೆಟ್ ಹಾಕಿದರೂ 10 ಮೀಟರ್‌ಗೆ ಗ್ರೂಪ್ ಕೂಡ್ತಿಲ್ಲ, ಯಾವುದು ತಗೊಳ್ಳಲಿ?

ಆಲೆಮನೆ_ಮಂಡ್ಯ:

ನಮಸ್ಕಾರ. ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ಮಗಳು ಒಂಬತ್ತನೇ ಕ್ಲಾಸು, ಎರಡು ವರ್ಷದಿಂದ ಶೂಟಿಂಗ್ ಕಲೀತಿದ್ದಾಳೆ. ಪ್ರತಿ ಭಾನುವಾರ ಸ್ಕೂಟರ್‌ನಲ್ಲಿ ಮೈಸೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ರೇಂಜ್‌ನಲ್ಲಿ ಕೋಚ್ ಹೇಳಿಕೊಡ್ತಾರೆ. ಮಿಕ್ಕ ದಿನ ಮನೇಲೇ ಅಭ್ಯಾಸ. ಗಾಣ ನಿಂತ ಮೇಲೆ ನಮ್ಮ ಹಳೇ ಆಲೆಮನೆ ಖಾಲಿ ಬಿದ್ದಿತ್ತು. ಅದನ್ನೇ ಗುಡಿಸಿ, 10 ಮೀಟರ್ ಅಳೆದು ಜಾಗ ಮಾಡಿಕೊಟ್ಟಿದ್ದೀನಿ. ಕೊನೇಲಿ ದಪ್ಪ ಮಣ್ಣಿನ ಗೋಡೆ, ಅದರ ಮುಂದೆ ಮರಳು ತುಂಬಿದ ಪೆಟ್ಟಿಗೆ. ಇರೋದು ಒಂದೇ ಬಾಗಿಲು, ಅದು ಹೊಡೆಯೋರ ಬೆನ್ನ ಹಿಂದೆ.

ಗನ್ನು .177, ಅಂದರೆ 4.5 ಮಿ.ಮೀ.ನ ಸೀಸದ ಪೆಲೆಟ್ (ಸಣ್ಣ ಗುಂಡು) ಹಾಕೋದು. ಸ್ಪ್ರಿಂಗ್‌ನದು, ಬ್ಯಾರೆಲ್ (ನಳಿಗೆ) ಮಡಿಸಿ ಸ್ಪ್ರಿಂಗ್ ಬಿಗಿ ಮಾಡೋ ನಮೂನೆ. ಸ್ಕೋಪ್ ಇಲ್ಲ, ಓಪನ್ ಸೈಟ್ (ಬರಿಗಣ್ಣಲ್ಲಿ ಗುರಿ ನೋಡೋ ಕಂಡಿ). ತಗೊಂಡು ಎಂಟು ತಿಂಗಳಾಯ್ತು. ಮೊದಮೊದಲು ಮೇಜಿನ ಮೇಲೆ ಆನಿಸಿ ಹೊಡೆದರೆ ಐದು ಪೆಲೆಟ್‌ನ ತೂತುಗಳು (ಒಟ್ಟಿಗೆ ಅದನ್ನೇ ಗ್ರೂಪ್ ಅಂತಾರೆ) 13-14 ಮಿ.ಮೀ. ಒಳಗೆ ಬೀಳ್ತಿದ್ವು. ಈಗ ಎರಡು ತಿಂಗಳಿಂದ ಚದುರಿ ಹೋಗ್ತಿವೆ. ನಿನ್ನೆ ಅಳೆದೆ, 34 ಮಿ.ಮೀ. ಟಾರ್ಗೆಟ್‌ನ ಕಪ್ಪು ವೃತ್ತವೇ 30.5 ಮಿ.ಮೀ. ಅಂದ್ಮೇಲೆ ಮಗು ಎಲ್ಲಿಗೆ ಗುರಿ ಇಡಬೇಕು?

ಪೆಲೆಟ್ಟೇ ಸರಿ ಇಲ್ಲ ಅಂದುಕೊಂಡು ಬದಲಾಯಿಸಿ ನೋಡಿದೆ. ಚಪ್ಪಟೆ ಮೂತಿಯದು 8.2 ಗ್ರೇನ್ (ಸುಮಾರು 0.53 ಗ್ರಾಂ), ಗುಂಡು ಮೂತಿಯದು 8.44 ಗ್ರೇನ್, ಚೂಪು ಮೂತಿಯದು 7 ಗ್ರೇನ್. ಮೂರೂ ಅಷ್ಟೇ. ಇನ್ನೂ ಭಾರದ್ದು ತರಿಸಲಾ, ಇಲ್ಲಾ ಜಾಸ್ತಿ ಬೆಲೆಯ, ಸ್ಪರ್ಧೆಗೆ ಬಳಸೋ ಮ್ಯಾಚ್ ಪೆಲೆಟ್ ತರಿಸಲಾ? ದುಡ್ಡಿನ ಚಿಂತೆಗಿಂತ ಅವಳ ಚಿಂತೆ ದೊಡ್ಡದಾಗಿದೆ. "ಅಪ್ಪಾ, ಗನ್ನು ಸರಿಯಾಗೇ ಇದೆ, ನನ್ನ ಕೈಯೇ ಕೆಟ್ಟುಹೋಗಿದೆ" ಅಂತ ಮೊನ್ನೆ ರಾತ್ರಿ ಊಟ ಬಿಟ್ಟು ಮಲಗಿದಳು.

ಕಾವೇರಿ177:

ನನ್ನ ಗನ್ನಿಗೆ 10 ಗ್ರೇನ್ ಮೇಲಿನದು ಚೆನ್ನಾಗಿ ಕೂತಿದೆ ಸರ್. ಒಂದು ಡಬ್ಬಿ ತರಿಸಿ ನೋಡಿ.

ಹಳೇಗುರಿ_ಮೈಸೂರು:

ಈಗಲೇ ಏನೂ ತರಿಸಬೇಡಿ. ಮೊದಲು ನಿಮ್ಮ ಮಗಳಿಗೆ ಒಂದು ಮಾತು ಹೇಳಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ 700.5 ಅಂಕ ಗಳಿಸಿ ಚಿನ್ನ ಗೆದ್ದರು. ಫೈನಲ್‌ಗೆ ಮುಂಚಿನ ಅಭ್ಯಾಸದ ಹೊಡೆತ ನಾಲ್ಕರ ಉಂಗುರಕ್ಕೆ ಹೋಗಿತ್ತು. ಅವರು ತಮ್ಮ ಕೈಯನ್ನು ಬೈಕೊಂಡು ಕೂರಲಿಲ್ಲ, ಸೈಟ್ ನೋಡಿದರು, ಅದು ಕದಲಿತ್ತು, ತಿರುಗಿಸಿ ಸರಿಮಾಡಿಕೊಂಡರು. ಚೆನ್ನಾಗಿ ಹೊಡೀತಿದ್ದ ಮಗು ಎರಡು ತಿಂಗಳಲ್ಲಿ ಇಷ್ಟು ಕೆಡೋದಿಲ್ಲ. ಏನೋ ಒಂದು ವಸ್ತು ಬದಲಾಗಿದೆ.

ಮೂರು ಬೇರೆ ಬೇರೆ ಪೆಲೆಟ್ ಒಂದೇ ಥರ ಚದುರುತ್ತಿವೆ ಅನ್ನೋದೇ ನೀವು ಕೊಟ್ಟ ದೊಡ್ಡ ಸುಳಿವು. ಬ್ಯಾರೆಲ್‌ಗೆ ಒಂದು ಪೆಲೆಟ್ ಒಗ್ಗದೇ ಇರಬಹುದು. ಮೂರೂ ಒಟ್ಟಿಗೆ, ಅದೂ ಮೊದಲು ಒಗ್ಗಿದ್ದು ಸೇರಿ, ಕೆಡಬೇಕಾದರೆ ತಪ್ಪು ಪೆಲೆಟ್‌ನ ಜಾತಿಯಲ್ಲಿ ಇಲ್ಲ.

ಭಾರದ ವಿಷಯ. ಸ್ಪ್ರಿಂಗ್ ಗನ್‌ನಲ್ಲಿ ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತೆ, ಗನ್ನು ಹಿಂದಕ್ಕೆ ಸರಿಯುತ್ತೆ. ಪಿಸ್ಟನ್ ಕೊನೇಲಿ ಬಡಿದಾಗ ಗನ್ನು ಮತ್ತೆ ಮುಂದಕ್ಕೆ ಎಳೆಯುತ್ತೆ. ಪೆಲೆಟ್ ಬ್ಯಾರೆಲ್ ಬಿಡೋ ಮುಂಚೆಯೇ ಗನ್ನು ಕದಲಲು ಶುರುವಾಗಿರುತ್ತೆ. ಪೆಲೆಟ್ ಭಾರವಾದಷ್ಟೂ ನಿಧಾನ, ಒಳಗೆ ಇರೋ ಹೊತ್ತು ಜಾಸ್ತಿ, ಹಿಡಿತದ ಸಣ್ಣ ತಪ್ಪೂ ಗುರಿಯಲ್ಲಿ ಕಾಣುತ್ತೆ. 7.5ರಿಂದ 8.5 ಗ್ರೇನ್ ಇಂಥ ಗನ್ನಿಗೆ ಹದವಾದ ತೂಕ. 10 ಮೀಟರ್ ಪೇಪರ್‌ಗೆ ಚಪ್ಪಟೆ ಮೂತಿಯದೇ ಸರಿ. ಅದು ಕಾಗದವನ್ನು ಗುಂಡಗೆ ಕತ್ತರಿಸುತ್ತೆ, ಅಂಕ ಓದೋಕೆ ತಕರಾರಿರಲ್ಲ. ಗುಂಡು ಮೂತಿಯದರ ಉಪಯೋಗ 25 ಮೀಟರ್ ದಾಟಿದ ಮೇಲೆ, ಗಾಳಿಯಲ್ಲಿ ವೇಗ ಉಳಿಸಿಕೊಳ್ಳೋಕೆ. ಚೂಪು ಮೂತಿಯದನ್ನು ನಾನು ಎಂದೂ ಶಿಫಾರಸು ಮಾಡಿಲ್ಲ. ಆ ಮೂತಿ ಎಲ್ಲಾ ಒಂದೇ ನೇರಕ್ಕೆ ಬರೋದು ಕಷ್ಟ.

ಇವಿಷ್ಟು ನೋಡಿ ಬರೆಯಿರಿ: ಸ್ಟಾಕ್‌ನ (ಗನ್ನು ಕೂರಿಸಿರೋ ಹಿಡಿಯ) ಸ್ಕ್ರೂಗಳು ಬಿಗಿ ಇವೆಯಾ, ಮುಖ್ಯವಾಗಿ ಮುಂದಿನ ಎರಡು ಪಕ್ಕದವು? ಈಚೆಗೆ ಎಣ್ಣೆ ಬಿಟ್ಟಿದ್ದೀರಾ? ಹೊಡೆದಾಗ ಹೊಗೆ, ಸುಟ್ಟ ವಾಸನೆ, ಚಟೀರ್ ಅನ್ನೋ ಸದ್ದು ಬರುತ್ತಾ? ಬ್ಯಾರೆಲ್ ಮಡಚೋ ಸಂದಿಯ ಮೇಲೆ ಟಿಶ್ಯೂ ಕಾಗದದ ಸಣ್ಣ ಚೂರು ಇಟ್ಟು ಹೊಡೆದರೆ ಅದು ಹಾರುತ್ತಾ? ಹಾರಿದರೆ ಸೀಲ್‌ನಲ್ಲಿ ಗಾಳಿ ಸೋರುತ್ತಿದೆ.

ಇನ್ನೊಂದು. ಐದು ಹೊಡೆತದ ಒಂದು ಗ್ರೂಪ್ ನಂಬಬೇಡಿ. ಅದು ಅದೃಷ್ಟಕ್ಕೂ ಚಿಕ್ಕದಾಗುತ್ತೆ, ದುರದೃಷ್ಟಕ್ಕೂ ದೊಡ್ಡದಾಗುತ್ತೆ. ಐದೈದರ ಐದು ಗ್ರೂಪ್ ಹೊಡೆದು ಸರಾಸರಿ ತೆಗೆಯಿರಿ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಮಿ.ಮೀ. ಕಳೆದರೆ ನಡುವಿನಿಂದ ನಡುವಿಗೆ ಅಳತೆ ಸಿಗುತ್ತೆ. ಗನ್ನನ್ನು ಮರಳುಚೀಲದ ಮೇಲೆ ನೇರ ಇಡಬೇಡಿ. ಚೀಲದ ಮೇಲೆ ಅಂಗೈ, ಅಂಗೈ ಮೇಲೆ ಗನ್ನು, ಸಡಿಲ ಹಿಡಿತ. ಪ್ರತಿ ಸಲ ಅಂಗೈ ಅದೇ ಜಾಗದಲ್ಲಿ ಇರಲಿ.

ಗದ್ದೆಬದು:

ಇದೇ ಥರ ಗನ್ನು ನಮ್ಮಲ್ಲೂ ಇದೆ. ಕಬ್ಬಿಗೆ ಹಂದಿ ನುಗ್ತವೆ, ಒಂದೊಂದು ಸಲ ಜಿಂಕೆ ಬರ್ತವೆ. ಭಾರದ ಪೆಲೆಟ್ ಹಾಕಿದರೆ ಓಡಿಸಬಹುದಾ?

ಹಳೇಗುರಿ_ಮೈಸೂರು:

ಬೇಡ. ಬೆಳೆ ಹೋದ ಸಂಕಟ ನನಗೂ ಗೊತ್ತು, ನಮ್ಮ ಅಜ್ಜಿ ಮನೆಯೂ ಕಬ್ಬಿನ ಸೀಮೆಯೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಅಂದರೆ ಕೊಲ್ಲೋದು ಮಾತ್ರ ಅಲ್ಲ, ಗಾಯ ಮಾಡೋದೂ ಬೇಟೆಯೇ. ಕಾಯಿದೆ ಪಕ್ಕಕ್ಕಿಡಿ, ಲೆಕ್ಕ ನೋಡಿ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 8.6 ಜೂಲ್. ಚರ್ಮದಡಿ ಸೀಸ ಹೊಕ್ಕು, ಹುಣ್ಣಾಗಿ, ಪ್ರಾಣಿ ವಾರಗಟ್ಟಲೆ ನರಳುತ್ತೆ. ಹಕ್ಕಿಗಳ ಮೇಲೂ ಬೇಡ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳನ್ನು ಊರ ಮಕ್ಕಳ ಹಾಗೆ ನೋಡಿಕೊಳ್ತಾರೆ. ಬೆಳೆಹಾನಿಗೆ ಅರಣ್ಯ ಇಲಾಖೆಗೆ ಫೋಟೊ ಸಮೇತ ಅರ್ಜಿ ಕೊಡಿ.

ಕುವೆಂಪುನಗರ_ರೈಫಲ್:

ಗದ್ದೆಬದು ಅವರಿಗೆ ಇನ್ನೊಂದು ಹೋಲಿಕೆ. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಲೈಸೆನ್ಸ್, ಸೀಸನ್ ಎಲ್ಲಾ ಇಟ್ಟು ಜಿಂಕೆ ಬೇಟೆಗೆ ಬಿಡ್ತಾರೆ. ಅವನ ಹತ್ತಿರ ಇರೋದು .243 ವಿಂಚೆಸ್ಟರ್ ರೈಫಲ್, 1955ರಲ್ಲಿ ಬಂದ ಕಾರ್ಟ್ರಿಡ್ಜ್ (ಗುಂಡು, ಮದ್ದು ಸೇರಿದ ತೋಟೆ) ಹಾಕೋದು. ಜಿಂಕೆಗೆ ಅದು ಚಿಕ್ಕ ಕ್ಯಾಲಿಬರ್ ಅಂತಲೇ ಲೆಕ್ಕ. ಆ ಚಿಕ್ಕದೇ 100 ಗ್ರೇನ್ ಗುಂಡಿಗೆ 2,600 ಜೂಲ್ ಹತ್ತಿರ ಕೊಡುತ್ತೆ, ನಮ್ಮ ಏರ್ ಗನ್‌ನ ಮುನ್ನೂರು ಪಟ್ಟು. ಅಷ್ಟಿದ್ದೂ ಅವನು 55 ಗ್ರೇನ್‌ನ ಹಗುರ ಗುಂಡನ್ನು ಜಿಂಕೆಗೆ ಬಳಸಲ್ಲ. ಅದು ಚರ್ಮದ ಹತ್ತಿರವೇ ಒಡೆದು ಚೂರಾಗಿ, ಪ್ರಾಣಿ ಗಾಯಗೊಂಡು ಓಡುತ್ತೆ. 95, 100 ಗ್ರೇನ್‌ನ, ಒಳಗೆ ಹೊಕ್ಕೋ ಗಟ್ಟಿ ಗುಂಡನ್ನೇ ಆರಿಸ್ತಾನೆ.

ಆಲೆಮನೆಯವರಿಗೆ ಅವನಿಂದ ಕಲಿಯೋದು ಒಂದಿದೆ. ಕಾರ್ಟ್ರಿಡ್ಜ್ ತಾನೇ ತುಂಬಿಸಿಕೊಳ್ಳೋ ಜನ ಒಂದು ಸಲಕ್ಕೆ ಒಂದನ್ನೇ ಬದಲಾಯಿಸ್ತಾರೆ. ಗುಂಡು ಬದಲಿಸಿದ ದಿನ ಮಿಕ್ಕಿದ್ದೆಲ್ಲ ಹಿಂದಿನಂತೆಯೇ. ಪ್ರತಿ ಗ್ರೂಪ್‌ನ ಕಾಗದದ ಮೇಲೆ ತಾರೀಖು ಬರೆದು ಫೈಲ್ ಮಾಡ್ತಾರೆ. ಪೆಲೆಟ್‌ನಲ್ಲಿ ನಾವು ಮದ್ದು ತುಂಬಲ್ಲ, ನಮ್ಮ ಕೈಲಿರೋದು ತಲೆಯ ಅಳತೆ, ತೂಕ, ಸ್ಕರ್ಟ್‌ನ (ಪೆಲೆಟ್‌ನ ಹಿಂಬದಿಯ ಟೊಳ್ಳು ಅಂಚಿನ) ಗುಂಡನೆ, ಇಷ್ಟೇ. ಆದರೆ ಆ ಶಿಸ್ತು ಒಂದೇ.

ಆಲೆಮನೆ_ಮಂಡ್ಯ:

ಎಲ್ಲರಿಗೂ ತುಂಬಾ ಧನ್ಯವಾದ. ನೋಡಿದೆ. ಎಣ್ಣೆ ಬಿಟ್ಟಿಲ್ಲ, ಹೊಗೆ ವಾಸನೆ ಇಲ್ಲ. ಟಿಶ್ಯೂ ಚೂರು ಅಲ್ಲಾಡಲಿಲ್ಲ. ಆದರೆ ಮುಂದಿನ ಎಡಗಡೆ ಸ್ಕ್ರೂ ಬೆರಳಲ್ಲೇ ಮುಕ್ಕಾಲು ಸುತ್ತು ತಿರುಗಿತು! ಬಲಗಡೆಯದೂ ಸಡಿಲ. ಎರಡನ್ನೂ ಬಿಗಿ ಮಾಡಿ, ಹೇಳಿದ ಹಾಗೆ ಅಂಗೈ ಮೇಲೆ ಇಟ್ಟು, 8.2 ಗ್ರೇನ್ ಚಪ್ಪಟೆಯದರಲ್ಲಿ ಐದು ಗ್ರೂಪ್ ಹೊಡೆಸಿದೆ. 24, 19, 26, 20, 22. ಸರಾಸರಿ 22 ಚಿಲ್ಲರೆ.

34ರಿಂದ 22ಕ್ಕೆ ಬಂತು. ಆದರೆ ಮೊದಲಿನ 13 ಎಲ್ಲಿ? ಒಂದು ವಿಚಿತ್ರ ಅಂದರೆ ಪ್ರತಿ ಗ್ರೂಪ್‌ನಲ್ಲಿ ಮೂರು ಪೆಲೆಟ್ ಒಂದೇ ತೂತಿನ ಹಾಗೆ ಬೀಳ್ತವೆ, ಒಂದೋ ಎರಡೋ ದೂರ ಹಾರ್ತವೆ. ಹಾರಿದ್ದು ಅವಳಿಗೆ ಹೊಡೆದಾಗ ಗೊತ್ತಾಗಲ್ಲ, "ಚೆನ್ನಾಗಿ ಬಿಟ್ಟೆ ಅಪ್ಪಾ" ಅಂತಾಳೆ.

ಹಳೇಗುರಿ_ಮೈಸೂರು:

ಸ್ಕ್ರೂ ಮತ್ತೆ ಸಡಿಲ ಆಗುತ್ತೆ, ಸ್ಪ್ರಿಂಗ್ ಗನ್‌ನ ಗುಣ ಅದು. ನೂರಿನ್ನೂರು ಹೊಡೆತಕ್ಕೊಮ್ಮೆ ನೋಡುತ್ತಿರಿ.

ಮೂರು ಕೂಡಿ ಒಂದೆರಡು ಹಾರೋದು ಮಗಳ ಕೈ ಸರಿ ಇದೆ ಅಂತ ಕಾಗದವೇ ಬರೆದುಕೊಟ್ಟ ಸಾಕ್ಷಿ. ಕೈ ಕೆಟ್ಟಿದ್ದರೆ ಎಲ್ಲಾ ಹರಡುತ್ತಿದ್ದವು. ಈಗ ಪೆಲೆಟ್‌ಗೆ ಬರೋಣ. ಯಾವುದು ಅಂತಲ್ಲ, ಹೇಗಿದೆ ಅಂತ.

ಒಂದು ಗಾಜಿನ ಹಲಗೆ ಮಟ್ಟಸವಾಗಿ ಇಡಿ, ಒಂದು ತುದಿ ತುಸು ಎತ್ತಿ. ಪೆಲೆಟ್ ಅಡ್ಡ ಮಲಗಿಸಿ ಉರುಳಲು ಬಿಡಿ. ತಲೆಗಿಂತ ಸ್ಕರ್ಟ್ ಅಗಲ ಇರೋದರಿಂದ ನೇರ ಉರುಳಲ್ಲ, ಬಿಲ್ಲಿನ ಹಾಗೆ ಬಾಗಿ ಉರುಳುತ್ತೆ. ಒಳ್ಳೇ ಪೆಲೆಟ್‌ಗಳೆಲ್ಲ ಒಂದೇ ಬಾಗಿನಲ್ಲಿ ನುಣ್ಣಗೆ ಹೋಗ್ತವೆ. ಸ್ಕರ್ಟ್ ನೆಗ್ಗಿದ್ದು ಕುಂಟುತ್ತೆ, ದಾರಿ ತಪ್ಪುತ್ತೆ. ಆ ಸ್ಕರ್ಟ್ ಹಾಳೆಯಷ್ಟು ತೆಳು ಸೀಸ. ಹಿಂದಿನಿಂದ ಗಾಳಿ ಒತ್ತಿದಾಗ ಹಿಗ್ಗಿ ಬ್ಯಾರೆಲ್‌ನ ಗೆರೆಗಳನ್ನು ಕಚ್ಚಬೇಕಾದ್ದು ಅದೇ. ಒಂದು ಕಡೆ ನೆಗ್ಗಿದ್ದರೆ ಬ್ಯಾರೆಲ್ ಬಿಡೋ ಕ್ಷಣದಲ್ಲಿ ಆ ಕಡೆಯಿಂದ ಗಾಳಿ ಮೊದಲು ನುಗ್ಗಿ ಪೆಲೆಟ್‌ನ ಬಾಲ ಪಕ್ಕಕ್ಕೆ ತಳ್ಳುತ್ತೆ. ನಿಮ್ಮ ಕಾಗದದಲ್ಲಿ ಹಾರಿದ್ದು ಅವೇ ಇರಬಹುದು.

ಪೆಲೆಟ್‌ಗಳನ್ನು ಯಾವುದರಲ್ಲಿ ಇಟ್ಟಿದ್ದೀರಿ?

ಆಲೆಮನೆ_ಮಂಡ್ಯ:

ಸರ್, ನಿಮ್ಮ ಪ್ರಶ್ನೆ ಓದಿದ ಕೂಡಲೇ ಎದೆ ಧಸಕ್ ಅಂತು.

ಕಂಪನಿ ಡಬ್ಬಿಯ ಮುಚ್ಚಳ ಬಿಗಿ, ಮಗುವಿನ ಉಗುರು ಹೋಗುತ್ತೆ ಅಂತ ಎರಡು ತಿಂಗಳ ಹಿಂದೆ ಮೂರೂ ಬಗೆಯನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆ ಸುರಿದಿಟ್ಟೆ. ಒಳಗಿದ್ದ ದುಂಡು ಫೋಮ್ ಬಿಸಾಕಿದೆ. ಆ ಡಬ್ಬಿಗಳನ್ನು ಸ್ಕೂಟರ್ ಡಿಕ್ಕೀಲಿ ಇಟ್ಕೊಂಡು ಪ್ರತಿ ಭಾನುವಾರ ಮೈಸೂರಿಗೆ, ಮತ್ತೆ ವಾಪಸ್ಸು. ಹೋಗಿಬಂದರೆ 90 ಕಿಲೋಮೀಟರ್ ಹತ್ತಿರ. ದಾರಿಯುದ್ದಕ್ಕೂ ಗಲಗಲ ಅನ್ನೋದು ನನ್ನ ಕಿವಿಗೇ ಕೇಳ್ತಿತ್ತು. ಕೇಳಿಯೂ ತಿಳೀಲಿಲ್ಲ.

ಗೋಡೆಯ ದೇವರ ಪಟದ ಗಾಜು ಬಿಚ್ಚಿ ಹಲಗೆ ಮಾಡಿಕೊಂಡೆವು. ಚಪ್ಪಟೆಯದರಲ್ಲಿ ನೂರು ಎಣಿಸಿ ಉರುಳಿಸಿದಳು, 37 ಕುಂಟಿದವು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಮಡಚಿಕೊಂಡಿದೆ. ಕೆಲವಂತೂ ಮೊಟ್ಟೆಯಾಕಾರ.

ಸರಿಯಾಗಿ ಉರುಳಿದ 63ರಲ್ಲಿ 25 ತೆಗೆದು ಐದು ಗ್ರೂಪ್: 13, 15, 12, 14, 13. ಆಮೇಲೆ ಕುಂಟಿದವುಗಳಲ್ಲಿ ಐದು ಬೇಕಂತಲೇ ಹೊಡೆಸಿದೆ: 31.

ಆ ಎರಡು ಕಾಗದ ಪಕ್ಕಪಕ್ಕ ಹಿಡಿದು ಅವಳು ಬಹಳ ಹೊತ್ತು ನೋಡ್ತಾ ನಿಂತಿದ್ದಳು. ನಾನು ಕೇಳೋ ಮುಂಚೆಯೇ ತಟ್ಟೆ ಹಾಕಿಕೊಂಡು ಕೂತು ಊಟ ಮಾಡಿದಳು.

ಕಾವೇರಿ177:

ಆಲೆಮನೆಯವರೇ, ನಿಮ್ಮದು ಓದಿ ನನ್ನ ಡಬ್ಬಿಯನ್ನೂ ಉರುಳಿಸಿ ನೋಡಿದೆ. ನೂರಕ್ಕೆ 9 ಕುಂಟಿದವು. ನಿಮಗೆ ಭಾರದ್ದು ತರಿಸಿ ಅಂತ ಅವಸರದಲ್ಲಿ ಹೇಳಿದ್ದಕ್ಕೆ ಕ್ಷಮಿಸಿ.

ಹಳೇಗುರಿ_ಮೈಸೂರು:

ನನಗೆ ಇವತ್ತಿನ ದಿನ ಸಾರ್ಥಕ ಅನಿಸಿತು. ಇನ್ನು ಮುಂದೆ ಕಂಪನಿ ಡಬ್ಬಿಯಲ್ಲೇ ಇಡಿ, ಮೇಲೆ ಫೋಮ್ ಅಥವಾ ಮಡಚಿದ ಮೆತ್ತನೆ ಬಟ್ಟೆ ತುಂಬಿ, ಒಂದೂ ಅಲುಗಬಾರದು. ಭಾನುವಾರಕ್ಕೆ ಎಷ್ಟು ಬೇಕೋ ಅಷ್ಟನ್ನು ಎಣಿಸಿ, ಒಂದೊಂದಕ್ಕೂ ತೂತಿರೋ ಫೋಮ್ ಹಲಗೆಯಲ್ಲಿ ನಿಲ್ಲಿಸಿಕೊಂಡು ಹೋಗಿ, ಡಿಕ್ಕೀಲಿ ಅಲ್ಲ, ಅವಳ ಬ್ಯಾಗಿನಲ್ಲಿ.

ಈಗ ಬೇಕಿದ್ದರೆ ಮ್ಯಾಚ್ ಪೆಲೆಟ್ ತರಿಸಬಹುದು. ತಲೆಯ ಅಳತೆ 4.49, 4.50, 4.51 ಅಂತ ಬೇರೆ ಬೇರೆ ಬರುತ್ತೆ. ಬ್ರೀಚ್‌ಗೆ (ಬ್ಯಾರೆಲ್‌ನ ಹಿಂಬಾಯಿಗೆ) ಇಟ್ಟಾಗ ತಾನೇ ಒಳಗೆ ಜಾರಿದರೆ ಸಡಿಲ, ಹೆಬ್ಬೆರಳು ನೋಯೋಷ್ಟು ಒತ್ತಬೇಕಾದರೆ ಬಿಗಿ. ಮೆತ್ತಗೆ ತಡೆದು ಕೂತರೆ ಆ ಅಳತೆಯಿಂದ ಶುರುಮಾಡಿ. ಹೊಸ ಪೆಲೆಟ್ ಹಾಕಿದಾಗ ಮೊದಲ 20-30 ಹೊಡೆತ ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರೆಲ್‌ಗೆ ಆ ಸೀಸ ಅಂಟಿ ಒಗ್ಗಬೇಕು.

ಆಲೆಮನೆ_ಮಂಡ್ಯ:

ಖಂಡಿತ ಸರ್. ಕುಂಟಿದ ಪೆಲೆಟ್ ತುಂಬಾ ಇವೆ, ಅವನ್ನೇನು ಮಾಡಲಿ? ಮರಳು ಪೆಟ್ಟಿಗೆಯಲ್ಲೂ ಎಂಟು ತಿಂಗಳ ಸೀಸ ಕೂತಿದೆ.

ಹಳೇಗುರಿ_ಮೈಸೂರು:

ನೆಗ್ಗಿದವನ್ನೂ ಗುಜರಿ ಸೀಸದ ಜೊತೆಗೇ ಹಾಕಿಬಿಡಿ. ಗುರಿ ಅಭ್ಯಾಸಕ್ಕೆ ಬೇಡ, ಮಗುವಿನ ನಂಬಿಕೆ ಮತ್ತೆ ಕದಲುತ್ತೆ. ಮರಳನ್ನು ಜರಡಿ ಹಿಡಿದು ಸೀಸ ಬೇರೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿ, ಧೂಳು ಏಳದ ಹಾಗೆ ಮರಳು ತುಸು ನೆನೆಸಿಕೊಂಡು. ಆ ಮರಳನ್ನು ಗದ್ದೆಗೋ ಕಾಲುವೆಗೋ ಸುರಿಯಬೇಡಿ, ಅದೇ ಪೆಟ್ಟಿಗೆಗೆ ವಾಪಸ್ ತುಂಬಿ. ಸೀಸವನ್ನು ಮುಚ್ಚಳ ಇರೋ ಡಬ್ಬದಲ್ಲಿ ಕೂಡಿಟ್ಟು ಗುಜರಿಗೆ ಕೊಡಿ, ಮನೇಲಿ ಕರಗಿಸಬೇಡಿ. ಪೆಲೆಟ್ ಇಟ್ಟಿದ್ದ ಆ ಸ್ಟೀಲ್ ಡಬ್ಬಿಗಳು ಮಾತ್ರ ಇನ್ನೆಂದೂ ಅಡುಗೆಮನೆಗೆ ಹೋಗೋದು ಬೇಡ. ಪ್ರತಿ ಸಲ ಅಭ್ಯಾಸ ಮುಗಿದ ಮೇಲೆ ಅವಳು ಸೋಪು ಹಚ್ಚಿ ಕೈ ತೊಳೆದೇ ತಿಂಡಿ ಮುಟ್ಟಲಿ.